ಯಾರದೋ ಕಾಲಿನ ಎಕ್ಸ್‌ರೇ

ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಟೀವಿ ಹಾಕಿದರೆ ಊಟ ಕೆಟ್ಟಿತೆಂದೇ ತಿಳಿಯಬೇಕು. ಟೀವಿಯಲ್ಲಿ ಬರುವವಳು ನನ್ನ ಮಗಳು. ಅದನ್ನು ನೋಡಿ ಛೀ ಥೂ ಎನ್ನುವವರು ನನ್ನ ಮಾವ. ಇಬ್ಬರದೂ ಒಂದೇ ಕಸುಬು, ಕುಸ್ತಿ. ಪದಕಕ್ಕಾಗಿ ಆಡುವ ಕುಸ್ತಿಯಲ್ಲ. ಹಗ್ಗ ಕಟ್ಟಿದ ರಿಂಗಿನಲ್ಲಿ, ಟಿಕೆಟ್ಟು ತೆಗೆದುಕೊಂಡು ಬಂದ ಜನರ ಮುಂದೆ, ಯಾರು ಗೆಲ್ಲಬೇಕು ಯಾರು ಸೋಲಬೇಕು ಎಂದು ಕಂಪನಿಯವರು ಮೊದಲೇ ಗೊತ್ತುಮಾಡಿ ಆಡಿಸುವ ಕುಸ್ತಿ. ಮಾವ ಅದರಲ್ಲಿ ಹದಿನೆಂಟು ವರ್ಷ ಇದ್ದರು. ಆಗ ಅವರ ಹೆಸರು ಕಲ್ಲುಗುಂಡು. ಮಗಳು ಸೇರಿ ಮೂರು ವರ್ಷವಾಯಿತು. ಅವಳನ್ನು ಅಲ್ಲಿ ಚೂರಿ ಎನ್ನುತ್ತಾರೆ. ಎರಡು ಹೆಸರು ಕೇಳಿದರೂ ನನಗೆ ಮೈ ಉರಿಯುತ್ತದೆ. ಆದರೆ ಮನೆ ಬಾಡಿಗೆಯಲ್ಲಿ ಅರ್ಧ ಚೂರಿಯ ಸಂಬಳದಿಂದಲೇ ಹೋಗುವುದರಿಂದ ಬಾಯಿ ಮುಚ್ಚಿಕೊಂಡು ಅವಳ ಚಡ್ಡಿಗೆ ಚಮಕಿ ಹೊಲಿಯುತ್ತೇನೆ.

ನಾನು ದರ್ಜಿ. ಮುಂದಿನ ಕೋಣೆಯೇ ನನ್ನ ಅಂಗಡಿ. ಜಿಪ್ಪು ಬದಲಾಯಿಸುವುದು, ಪ್ಯಾಂಟು ಗಿಡ್ಡ ಮಾಡುವುದು, ದಪ್ಪಗಾದವರ ಕೋಟು ಬಿಡಿಸಿ ಹೊಲಿಯುವುದು, ಇಷ್ಟೇ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುತ್ತಾರೆ. ದಿನವಿಡೀ ಮೇಲೆ ಕೆಳಗೆ ಓಡಾಡಿ ಮನೆಗೆ ಬಂದವರಿಗೆ ಜಗಳ ಬೇಡ. ಯಾರು ಏನಂದರೂ "ಬಿಡು, ಹೋಗಲಿ" ಎನ್ನುತ್ತಾರೆ. ಅಡಿಗೆಮನೆ ಅತ್ತೆಯದು. ಅರವತ್ತೆಂಟಾದರೂ ಸೌಟು ನನ್ನ ಕೈಗೆ ಬಂದಿಲ್ಲ. ಬರಲೆಂದು ನಾನೇನೂ ಕಾದು ಕೂತಿಲ್ಲ.

ಆ ಭಾನುವಾರವೂ ಹಾಗೇ. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬ್ರೆಡ್ಡು ಮೇಜಿನ ಮೇಲಿದ್ದವು. ಶುಕ್ರವಾರ ಆಡಿದ್ದನ್ನು ಭಾನುವಾರ ತೋರಿಸುವುದರಿಂದ ಮಗಳು ನಮ್ಮ ಜೊತೆಯಲ್ಲೇ ಕುಳಿತು ತನ್ನನ್ನು ತಾನೇ ನೋಡುತ್ತಿದ್ದಳು. ಟೀವಿಯೊಳಗಿನ ಮಗಳು ಮೈಕು ಹಿಡಿದು ಯಾರಿಗೋ ಬೈಯುತ್ತಿದ್ದಳು.

"ಇಪ್ಪತ್ತು ನಿಮಿಷ ಆಯ್ತು. ಬರೀ ಬಾಯಿ. ಇದು ಕುಸ್ತಿನೋ ಹರಟೆಕಟ್ಟೆನೋ?" ಎಂದರು ಮಾವ.

"ತಾತ, ಮಾತು ಚೆನ್ನಾಗಿದ್ರೇನೇ ಹೊಡೆದಾಟಕ್ಕೆ ಬೆಲೆ."

"ಯಾರು ಬರೆದುಕೊಟ್ಟ ಮಾತು ಅದು? ನೀನೇ ಯೋಚಿಸಿದ್ದಾ?"

"ಆಫೀಸಲ್ಲಿ ಬರೆಯೋರು ಆರು ಜನ ಇದಾರೆ. ಅದರಲ್ಲೇನು ತಪ್ಪು?"

ಮಾವ ಮೊಟ್ಟೆಯ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿದರು. "ಮೊನ್ನೆ ನಿನ್ನ ಫೋನಲ್ಲಿ ನೋಡ್ದೆ. ನಿನ್ನ ಕೂದಲು ಹಿಡಿದು ಎಳೆದಾಡ್ದಳಲ್ಲ, ಆ ಹುಡುಗಿ ಜೊತೆ ಐಸ್‌ಕ್ರೀಮ್ ತಿಂತಾ ಹಲ್ಲು ಕಿರೀತಿದ್ದೆ. ಊರಿಗೆಲ್ಲ ಕಾಣೋ ಹಾಗೆ. ನಾಚಿಕೆ ಆಗಲ್ವಾ?"

"ಅವಳು ನನ್ನ ರೂಮ್‌ಮೇಟ್ ತಾತ! ಬೀಳೋವಾಗ ನನ್ನ ಕತ್ತು ಕಾಪಾಡೋಳೇ ಅವಳು. ಜನಕ್ಕೂ ಅದು ಗೊತ್ತು. ಗೊತ್ತಿದ್ದೇ ಬರ್ತಾರೆ."

"ಗೊತ್ತಿದ್ದು ಬರೋದಾದ್ರೆ ಯಾಕೆ ಬರ್ಬೇಕು? ಥೂ! ನಾನೂ, ಕಟುಕ ಅನ್ನೋ ಹೆಸರಲ್ಲಿ ಆಡ್ತಿದ್ದೋನೂ ಹನ್ನೊಂದು ವರ್ಷ ಎದುರಾಳಿಗಳು. ಒಂದು ದಿನ ಒಂದೇ ಹೋಟೆಲಲ್ಲಿ ಟೀ ಕುಡೀಲಿಲ್ಲ. ಒಂದೇ ವ್ಯಾನಲ್ಲಿ ಕೂರಲಿಲ್ಲ. ಜನ ನನ್ನ ಹಿಂದೆ ಅಳ್ತಾ ಬರೋರು. ಅವನ ಮೇಲೆ ಚಪ್ಪಲಿ ತೂರೋರು. ಅದು ಕುಸ್ತಿ. ಇದು ಹೇಸಿಗೆ."

ಹೇಸಿಗೆ ಎಂಬ ಮಾತು ಊಟದ ಮೇಜಿನ ಮೇಲೆ ಬಿದ್ದ ಮೇಲೆ ಆಲೂಗಡ್ಡೆ ಯಾರಿಗೂ ಇಳಿಯಲಿಲ್ಲ. ಅತ್ತೆ ಎದ್ದು ಟೀವಿ ಆರಿಸಿದರು. "ಬಿಡಿ, ಹೋಗಲಿ," ಎಂದರು ನನ್ನ ಗಂಡ.

ನಾನು ಒಂದು ಮಾತು ಹೇಳಿಬಿಡುತ್ತೇನೆ. ಮಗಳು ಕಂಪನಿಗೆ ಸೇರಿದ ದಿನವೇ ಎಲ್ಲವನ್ನೂ ನಮಗೆ ಬಿಡಿಸಿ ಹೇಳಿದ್ದಳು. ಹೇಗೆ ಬೀಳುತ್ತಾರೆ, ಕಿವಿಯಲ್ಲಿ ಹೇಗೆ ಪಿಸುಗುಡುತ್ತಾರೆ, ಗೆಲುವನ್ನು ಹೇಗೆ ಗೊತ್ತುಮಾಡುತ್ತಾರೆ, ಎಲ್ಲ. ಮಾವ ಮಾತ್ರ ಆಗಲೂ "ನಿಮ್ಮದು ಹಾಗಿರಬಹುದು, ನಮ್ಮದು ಬೇರೆ" ಎಂದು ಮುಖ ತಿರುಗಿಸಿದ್ದರು. ಅವರ ಮ್ಯಾನೇಜರ್ ಸತ್ತು ಇಪ್ಪತ್ತು ವರ್ಷವಾಗಿತ್ತು. ಕಟುಕನೂ ಬದುಕಿರಲಿಲ್ಲ. ಯಾರಿಗೆ ಹೆದರಿ ಗುಟ್ಟು ಕಾಯುತ್ತಿದ್ದರೋ! ಅತ್ತೆಯಂತೂ ಗಂಡನ ಮಾತನ್ನೇ ನಂಬಿದ್ದರು. ಬಂದ ನೆಂಟರಿಗೆಲ್ಲ ಅವರು ಹೇಳುತ್ತಿದ್ದ ಕತೆ ಒಂದೇ. "ಇವರ ಕಾಲು ಮುರಿದಿತ್ತು ನೋಡಿ. ಆ ಕಟುಕ ತುಳಿದು ತುಳಿದು ಮುರಿದ. ಆರು ವಾರ ಮಲಗಿಬಿಟ್ಟಿದ್ರು." ಹೇಳಿ, ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಟ್ಟ ಎಕ್ಸ್‌ರೇ ಹಾಳೆಯನ್ನು ತಂದು ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತಿದ್ದರು. ನನ್ನ ಮದುವೆಯ ಮಾತುಕತೆಗೆ ಬಂದ ದಿನ ನನಗೂ ತೋರಿಸಿದ್ದರು. ಬೇರೆ ಅತ್ತೆಯರು ಒಡವೆ ತೋರಿಸುತ್ತಾರೆ, ನನಗೆ ಸಿಕ್ಕವರು ಮೂಳೆ ತೋರಿಸಿದರು.

ಆ ಭಾನುವಾರ ಕಳೆದ ಮುಂದಿನ ವಾರ ಮಗಳು ಹಳೆಯ ಕುಸ್ತಿಗಾರರ ಮಾತನ್ನು ವಿಡಿಯೋ ಮಾಡಿ ಕಂಪನಿಗೆ ಕಳಿಸಬೇಕೆಂದು ತಾತನ ಬೆನ್ನು ಬಿದ್ದಳು. ಅವರು ಒಪ್ಪಲಿಲ್ಲ. ಎರಡು ದಿನ ಗೋಗರೆದಳು. ಮೂರನೆಯ ದಿನ ರೇಗಿಸಿದಳು. ಅವಳು ಅದರಲ್ಲಿ ಪಳಗಿದವಳು.

"ಹೇಳೋಕೆ ಏನಾದ್ರೂ ಇದ್ರೆ ತಾನೇ ಹೇಳೋದು. ನಿಮ್ಮ ಕಾಲದಲ್ಲಿ ಏನಿತ್ತು ತಾತ? ಒಬ್ಬರನ್ನೊಬ್ಬರು ತಬ್ಕೊಂಡು ಅರ್ಧ ಗಂಟೆ ಮುಲುಗೋದು. ನಾನು ಹದಿನೈದು ಅಡಿ ಏಣಿ ಮೇಲಿಂದ ಹಾರ್ತೀನಿ."

"ಹಾರೋದು ಕೋತಿನೂ ಹಾರುತ್ತೆ," ಎಂದರು ಮಾವ. ಮೇಜಿನ ಮೇಲೆ ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ ಫೋನು ಕಣ್ಣು ಬಿಟ್ಟಿತ್ತು. "ನಿನಗೇನು ಗೊತ್ತು? ಆಟ ರಿಂಗಲ್ಲಿ ಮುಗೀತಿರಲಿಲ್ಲ ನಮಗೆ. ಮನೇಲೂ ಆಡ್ಬೇಕಿತ್ತು. ಆರು ವಾರ! ಆರು ವಾರ ಪ್ಲಾಸ್ಟರ್ ಹಾಕ್ಕೊಂಡು ಮಂಚದ ಮೇಲೆ ಇದ್ದೆ. ಕಾಲಿಗೆ ಏನೂ ಆಗಿರಲಿಲ್ಲ! ಮೂಳೆ ಒಂದು ಗೆರೆ ಬಿಟ್ಟಿರಲಿಲ್ಲ. ಮ್ಯಾನೇಜರ್ ಎಲ್ಲಿಂದಲೋ ಯಾರದೋ ಕಾಲಿನ ಎಕ್ಸ್‌ರೇ ತಂದುಕೊಟ್ಟಿದ್ದ. ಮನೆಯವರಿಗೂ ಹೇಳಕೂಡದು ಅಂದಿದ್ದ. ನಾನು ಹೇಳ್ಲಿಲ್ಲ. ನಿನ್ನ ಅಜ್ಜಿಗೇ ಹೇಳ್ಲಿಲ್ಲ! ಅವಳು ಅಳೋದು ನೋಡಿ ಇಡೀ ಬೀದಿ ನಂಬ್ತು. ನಾನು ವಾಪಸ್ ಬಂದು ಕಟುಕನ್ನ ಎತ್ತಿ ಒಗೆದ ದಿನ ಟಿಕೆಟ್ ಸಿಗದೆ ಬಾಗಿಲಾಚೆಗೆ ಜನ ನಿಂತಿದ್ರು. ಇವತ್ತು ನಿಮ್ಮಲ್ಲಿ ಯಾರಿಗಿದೆ ಆ ತಾಕತ್ತು?"

ಅವರು ಎದೆ ಸೆಟೆದು ಕುಳಿತಿದ್ದರು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತಿದೆ. ಅಡಿಗೆಮನೆಯ ಬಾಗಿಲಲ್ಲಿ ಅತ್ತೆ ಬೀನ್ಸ್ ಬುಟ್ಟಿ ಹಿಡಿದು ನಿಂತಿದ್ದರು.

"ಯಾವ ಕಾಲಿಗೆ ಏನೂ ಆಗಿರಲಿಲ್ಲ?" ಎಂದು ಕೇಳಿದರು.

ಮಾವ ನಕ್ಕರು. ನಿಜವಾಗಿ ನಕ್ಕರು. ಬಹುಮಾನ ಕೊಡುವವರಂತೆ, "ನಿನಗೂ ಗೊತ್ತಾಗದ ಹಾಗೆ ಮಾಡಿದ್ದೆ ನೋಡೇ!" ಎಂದರು.

ಅತ್ತೆ ಬುಟ್ಟಿಯನ್ನು ಮೇಜಿನ ಮೇಲಿಟ್ಟರು. ಒಂದು ಬೀನ್ಸ್ ತೆಗೆದು ನಾರು ಎಳೆದರು. ಇನ್ನೊಂದು ತೆಗೆದುಕೊಂಡರು. ಅದರ ನಾರು ಎಳೆಯಲಿಲ್ಲ.

"ನಮ್ಮಮ್ಮನಿಗೆ ಹುಷಾರಿಲ್ಲ ಅಂತ ಕಾಗದ ಬಂತಲ್ಲ, ಅದು ನಿಮ್ಮ ಕಾಲು ಮುರಿದು ನಾಲ್ಕನೇ ವಾರ."

"ಯಾವ ಕಾಗದ?"

"ನನಗೆ ಆಗ ಓದೋಕೆ ಬರ್ತಿರಲಿಲ್ಲ. ನೀವೇ ಓದಿ ಹೇಳಿದ್ರಿ. ಮಲಗಿದ್ದಲ್ಲೇ ಓದಿದ್ರಿ. ಬೇಗ ಬಾ, ನೋಡ್ಬೇಕು ಅಂತಿದಾಳೆ ಅಂತ ಇತ್ತು. ಬಸ್ಸಲ್ಲಿ ಒಂದು ಹಗಲು ದಾರಿ. ನೀವು ಏನಂದ್ರಿ ನೆನಪಿದೆಯಾ?"

ಮಾವ ಗಲ್ಲ ಕೆರೆದುಕೊಂಡರು.

"ನೀನು ಹೋಗು, ನಾನು ಹೇಗೋ ತೆವಳ್ಕೊಂಡು ಇರ್ತೀನಿ ಅಂದ್ರಿ." ಅತ್ತೆಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ತೆವಳ್ಕೊಂಡು ಅಂದ್ರಿ. ಒಂದು ವರ್ಷದ ಮಗನ್ನ ಸೊಂಟದ ಮೇಲೆ ಇಟ್ಕೊಂಡು ನಿಮ್ಮ ಉಚ್ಚೆ ಬೋಗುಣಿ ಎತ್ತುತಾ ಇದ್ದೆ ನಾನು. ಹೇಗೆ ಬಿಟ್ಟು ಹೋಗಲಿ? ಹೋಗ್ಲಿಲ್ಲ. ಎಂಟು ದಿನಕ್ಕೆ ಇನ್ನೊಂದು ಕಾಗದ ಬಂತು. ಅದನ್ನೂ ನೀವೇ ಓದಿದ್ರಿ."

"ಅದು… ಏನು ಮಾಡೋದು? ಕಂಪನಿ ಮಾತು. ಹೊರಗೆ ಬಿದ್ರೆ ಮೂವತ್ತು ಜನರ ಅನ್ನ ಹೋಗ್ತಿತ್ತು ಕಣೇ."

"ನನ್ನ ಕಿವೀಲಿ ಹೇಳಿದ್ರೆ ಹೊರಗೆ ಬೀಳ್ತಿತ್ತಾ?"

"ಹೆಂಗಸರ ಬಾಯಿ…" ಎಂದು ಶುರುಮಾಡಿದವರು ನನ್ನ ಮುಖ ನೋಡಿ ಅಲ್ಲಿಗೇ ನುಂಗಿದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಅದು ನಮ್ಮ ಮಾವನಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಗಂಡಸು ಹಾದಿ ತಪ್ಪಿದ್ದನ್ನು ಕೇಳಿದ್ದೇನೆ, ಹೊಡೆದದ್ದನ್ನು ಕೇಳಿದ್ದೇನೆ. ಗಟ್ಟಿಮುಟ್ಟಾದ ಎರಡು ಕಾಲಿಟ್ಟುಕೊಂಡು ಹೆಂಡತಿಯ ಕೈಲಿ ಬೋಗುಣಿ ಎತ್ತಿಸಿ, ಅವಳ ತಾಯಿ ಸಾಯುವವರೆಗೂ ಸುಮ್ಮನೆ ಮಲಗಿದ್ದು, ಅದನ್ನು ಕಸುಬಿನ ಮರ್ಯಾದೆ ಎಂದು ಹೇಳಿಕೊಳ್ಳುವುದನ್ನು ಅದೇ ಮೊದಲು ಕೇಳಿದ್ದು.

ಮಗಳ ಫೋನು ಇನ್ನೂ ಕಣ್ಣು ಬಿಟ್ಟೇ ಇತ್ತು.

ಅಂದಿನಿಂದ ಅತ್ತೆ ಮಾವನಿಗೆ ಬಡಿಸುವುದನ್ನು ಬಿಟ್ಟರು. ಅಡಿಗೆ ನಿಲ್ಲಿಸಲಿಲ್ಲ. ಮೊದಲಿನ ಹಾಗೆಯೇ ಬೇಯಿಸುತ್ತಿದ್ದರು, ನಮ್ಮ ತಟ್ಟೆಗಳಿಗೆ ಹಾಕುತ್ತಿದ್ದರು, ಮಾವನ ತಟ್ಟೆ ಮಾತ್ರ ಬೋರಲಾಗಿ ಬಿದ್ದಿರುತ್ತಿತ್ತು. ಮಾವ ತಾವೇ ಅದನ್ನು ತಿರುಗಿಸಿಕೊಂಡು ಹಾಕಿಕೊಳ್ಳಬೇಕು. ಅವರ ಬನಿಯನ್ನುಗಳು ಬಕೆಟ್ಟಿನಲ್ಲೇ ನೆನೆದು ವಾಸನೆ ಹಿಡಿದವು. ಮೂರನೆಯ ದಿನ ನನ್ನ ಗಂಡ ತಾವೇ ಒಗೆದು ಹಾಕಿದರು.

"ಅಮ್ಮ, ಎಷ್ಟು ದಿನ ಅಂತ? ನಲವತ್ನಾಲ್ಕು ವರ್ಷದ ಹಿಂದಿನ ಮಾತು. ಬಿಡು, ಹೋಗಲಿ."

"ನಿನಗೆ ನೆನಪಿಲ್ಲ," ಎಂದರು ಅತ್ತೆ. "ನೀನು ನಿಮ್ಮ ಅಜ್ಜಿನ ನೋಡೇ ಇಲ್ಲ. ನೋಡ್ಬಹುದಿತ್ತು."

ಅದಾದ ಮೇಲೆ ನನ್ನ ಗಂಡ ಬಿಡು ಎನ್ನುವುದನ್ನು ಬಿಟ್ಟರು.

ಎರಡನೆಯ ವಾರ ಕಂಪನಿಯಿಂದ ಒಬ್ಬ ಬಂದ. ಕತೆ ಬರೆಯುವ ಆರು ಜನರಲ್ಲಿ ಒಬ್ಬ. ಗಡ್ಡ, ದುಬಾರಿ ಬೂಟು, ತೊಡೆಯ ಮೇಲೆ ಲ್ಯಾಪ್‌ಟಾಪು. ಮಗಳು ಅಂದಿನ ವಿಡಿಯೋವನ್ನು ಮೊದಲಿಂದ ಕೊನೆಯವರೆಗೆ, ಬೀನ್ಸ್ ಬುಟ್ಟಿಯ ಸಮೇತ, ಕಳಿಸಿಬಿಟ್ಟಿದ್ದಳು.

"ಅಜ್ಜಿ, ನಾನು ಅದನ್ನ ನೋಡಿ ಅತ್ತುಬಿಟ್ಟೆ," ಎಂದ. "ಇಂಥದ್ದು ನಾವು ಬರೀತೀವಿ ಅಂದ್ರೂ ಬರಲ್ಲ. ತಾತ ಪ್ಲಾಸ್ಟರ್ ಹಾಕ್ಕೊಂಡು ರಿಂಗಿಗೆ ಬರ್ತಾರೆ. ನೀವು ಬರ್ತೀರ. ಆ ಕಾಗದ ಓದ್ತೀರ. ಇಡೀ ಹಾಲ್‌ನಲ್ಲಿ ಸೂಜಿ ಬಿದ್ರೂ ಕೇಳುತ್ತೆ. ತಾತ ಕ್ಷಮೆ ಕೇಳ್ತಾರೆ, ನೀವು ತಬ್ಕೋತೀರ. ಅಷ್ಟರಲ್ಲಿ ಕಟುಕನ ಮೊಮ್ಮಗಳು ನುಗ್ಗಿ ಬಂದು ತಾತನ್ನ ಹೊಡೀತಾಳೆ. ಆಗ ನಮ್ಮ ಚೂರಿ ಓಡಿ ಬರ್ತಾಳೆ!"

"ಕಟುಕನಿಗೆ ಮಕ್ಕಳೇ ಇರಲಿಲ್ಲ," ಎಂದರು ಮಾವ.

"ಅದನ್ನ ನಾವು ನೋಡ್ಕೋತೀವಿ ತಾತ. ಅಜ್ಜಿ, ಆ ಕಾಗದ ಇದೆಯಾ? ಹಳೇದು, ಮಡಿಕೆ ಹರಿದಿದ್ರೆ ಇನ್ನೂ ಚೆನ್ನ."

ಅತ್ತೆ ಅವನಿಗೆಂದು ಚಹಾ ತಂದಿದ್ದರು. ಲೋಟವನ್ನು ಅವನ ಮುಂದಿಡದೆ, ತಂದಂತೆಯೇ ಹಿಂದಕ್ಕೆ ಒಯ್ದು ಬಚ್ಚಲಿಗೆ ಸುರಿದರು. ಬಂದು ಬಾಗಿಲು ತೆರೆದು ನಿಂತರು. "ಎದ್ದೇಳಪ್ಪ," ಎಂದರು.

ಅವನು ಹೋದ ಮೇಲೆ ಮಗಳು ನನ್ನ ಮಷಿನ್ನಿನ ಪಕ್ಕ ಕುಕ್ಕರಿಸಿ ಅತ್ತಳು. "ಅಮ್ಮ, ಮುಂದಿನ ತಿಂಗಳು ನನ್ನ ಕರಾರು ಮುಗಿಯುತ್ತೆ. ಮೂರು ವರ್ಷದಿಂದ ಮೊದಲನೇ ಆಟದಲ್ಲೇ ಸೋಲ್ತಾ ಇದೀನಿ. ಈ ಕತೆ ಆದ್ರೆ ಕೊನೇಲಿ ಬರೋ ದೊಡ್ಡ ಆಟ ನಂದು. ಇಲ್ಲಾಂದ್ರೆ ಮನೆಗೆ."

"ಮನೆಗೆ ಬಾ. ಮಷಿನ್ ಇನ್ನೊಂದು ಇದೆ."

"ನಾವೇನು ತಾತನ ಹಾಗೆ ಮೋಸ ಮಾಡ್ತಿಲ್ಲವಲ್ಲ. ನಾವು ನಿಜಾನೇ ಹೇಳ್ತಿರೋದು."

"ಯಾರ ನಿಜ ಅದು? ನಿಂದಾ?"

ಅವಳು ಕಾಲು ಚಾಚಿ ಕುಳಿತಳು. ಮಂಡಿಯ ಮೇಲೆ ಪೆಟ್ಟು ಕಪ್ಪುಗಟ್ಟಿತ್ತು. ನಾನು ಅದಕ್ಕೆ ಮುಲಾಮು ಹಚ್ಚಿದೆ. ತಾಯಿಯಾದವಳ ಹಣೆಬರಹವೇ ಇಷ್ಟು, ಬಾಯಲ್ಲಿ ಬೈಗುಳ, ಕೈಯಲ್ಲಿ ಮುಲಾಮು.

ಅಡಿಗೆಮನೆಯಲ್ಲಿ ಮಾವ ಅತ್ತೆಗೆ ಹೇಳುತ್ತಿದ್ದುದು ಕೇಳಿಸಿತು. "ನೀನು ಬೇಡ ಅಂದ್ಮೇಲೆ ಮುಗೀತು. ನಾನೂ ಹೋಗಲ್ಲ." ಆ ಸಂಜೆ ಮೇಜಿನ ಮೇಲೆ ಮಾವನ ತಟ್ಟೆ ನೆಟ್ಟಗಿತ್ತು.

ಮೂರನೆಯ ವಾರ ಮನೆ ಒಂದಿಷ್ಟು ತಣ್ಣಗಿತ್ತು. ಮಗಳು ಒಂದು ಶಾಲು ಹೊಲಿದುಕೊಡು ಎಂದಳು. ನೀಲಿ, ಬಿಳಿಯ ಅಂಚು, ಅಜ್ಜಿಯ ಹಳೆಯ ಶಾಲಿನಂಥದ್ದು. "ಯಾರಿಗೆ?" ಎಂದೆ. "ಕಂಪನೀಲಿ ಒಬ್ಬರಿಗೆ," ಎಂದಳು. ಬೆನ್ನು ತಿರುಗಿಸಿ ಹೇಳಿದಳು, ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಅತ್ತೆಯ ಶಾಲನ್ನೇ ಮಾದರಿಗೆ ಇಟ್ಟುಕೊಂಡು, ಅಂಚಿನ ಅಗಲ ಅಳೆದು, ಹೊಸ ಬಟ್ಟೆಯನ್ನು ಎರಡು ಸಲ ಒಗೆದು ಹಳತಾಗಿಸಿ ಕೊಟ್ಟೆ. ಕೆಲಸ ಚೊಕ್ಕವಾಗಿರಬೇಕು ಎಂಬ ಚಟ ನನಗೆ.

ಆ ಶುಕ್ರವಾರ ಮಾವ ಕೋಟು ಹಾಕಿಕೊಂಡರು. "ಮಗು ಆಟ ನೋಡಿ ಬರ್ತೀನಿ. ಹಿಂದಿನ ಸಾಲಲ್ಲಿ ಕೂತಿದ್ದು ಬಂದುಬಿಡ್ತೀನಿ," ಎಂದರು. ಅತ್ತೆ ಅವರ ಕೋಟಿನ ಗುಂಡಿ ಸಡಿಲವಾಗಿದ್ದುದನ್ನು ನೋಡಿ ನನ್ನನ್ನು ಕರೆದು ಹಾಕಿಸಿದರು.

ಶನಿವಾರ ಬೆಳಿಗ್ಗೆ ಆಸ್ಪತ್ರೆಯ ವ್ಯಾನು ಬಂದು ಬಾಗಿಲಲ್ಲಿ ನಿಂತಿತು. ಮಾವನ ಬಲಗಾಲಿಗೆ ಮಂಡಿಯ ಮೇಲಿನವರೆಗೆ ಪ್ಲಾಸ್ಟರ್. ಮೆಟ್ಟಿಲಲ್ಲಿ ಜಾರಿ ಬಿದ್ದರಂತೆ. ಮಗಳ ಮುಖ ಬಿಳಚಿಕೊಂಡಿತ್ತು, ತಾತನ ಕಡೆಗೂ ನೋಡಲಿಲ್ಲ, ಅಜ್ಜಿಯ ಕಡೆಗೂ ನೋಡಲಿಲ್ಲ. ನನ್ನ ಗಂಡನೂ ವ್ಯಾನಿನವನೂ ಸೇರಿ ಹೊತ್ತು ತಂದು ಮಂಚದ ಮೇಲೆ ಮಲಗಿಸಿದರು.

ಅತ್ತೆ ದೂರ ನಿಂತು ನೋಡಿದರು. "ಇದು ಯಾವ ಆಟ?" ಎಂದರು.

"ನಿಜವಾಗ್ಲೂ ಮುರಿದಿದೆ ಕಣೇ," ಎಂದರು ಮಾವ. ಅವರ ಹಣೆಯಲ್ಲಿ ಬೆವರಿತ್ತು.

ಅತ್ತೆ ಕೈಚಾಚಿದರು. ಮಗಳು ಎಕ್ಸ್‌ರೇ ಹಾಳೆ ಕೊಟ್ಟಳು. ಅತ್ತೆ ಅದನ್ನು ಕಿಟಕಿಗೆ ಒತ್ತಿ ಹಿಡಿದರು. ಬಹಳ ಹೊತ್ತು ನೋಡಿದರು. ಮೂಲೆಯಲ್ಲಿ ಬರೆದಿದ್ದ ಹೆಸರು, ವಯಸ್ಸು, ತಾರೀಖನ್ನು ಬೆರಳಿಟ್ಟು ಒಂದೊಂದಾಗಿ ಓದಿದರು. ನನ್ನ ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಅವಳ ಜೊತೆ ಕುಳಿತು ಅಕ್ಷರ ಕಲಿತವರು ಅವರು. ಓದಿ ಮುಗಿಸಿ, ಹಾಳೆ ಮಡಿಸದೆ ಗೋಡೆಗೆ ಒರಗಿಸಿಟ್ಟು, ಒಳಗೆ ಹೋಗಿ ಬೋಗುಣಿ ತಂದರು.

ಶನಿವಾರವಿಡೀ ಅವರೇ ಎತ್ತಿದರು. ನಾನು ಮುಂದೆ ಹೋದರೆ "ನಿನ್ನ ಕೆಲಸ ನೋಡ್ಕೋ" ಎಂದರು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಮೈ ಒರೆಸಿದರು. ತಟ್ಟೆಗೆ ಹಾಕಿ ಕೈಗೆ ಕೊಟ್ಟರು. "ಸಾಕಾ?" ಎಂದು ಕೇಳಿದ್ದು ನನಗೆ ಕೇಳಿಸಿತು. ಹಾಗೆ ಕೇಳಿ ಮೂರು ವಾರವಾಗಿತ್ತು. ಮಗಳು ಅಷ್ಟೂ ಹೊತ್ತು ಬಾಲ ಸುಟ್ಟ ಬೆಕ್ಕಿನಂತೆ ಒಳಗೂ ಹೊರಗೂ ಅಲೆದಾಡುತ್ತಿದ್ದಳು.

ಭಾನುವಾರ ಮಧ್ಯಾಹ್ನ ಮಗಳು ಹೇಳಿದಳು, "ಇವತ್ತು ಟೀವಿ ಬೇಡ."

"ಯಾಕೆ? ನೀನು ಗೆದ್ದೆ ಅಂದ್ಯಲ್ಲ. ನೋಡೋಣ," ಎಂದರು ಅತ್ತೆ. ತಾವೇ ಹಾಕಿದರು. ಮಾವ ಕೋಣೆಯಿಂದ ಕೂಗಿದರು, "ಬೇಡ ಕಣೇ, ತಲೆ ನೋಯ್ತಿದೆ, ಆರಿಸು." ಅತ್ತೆ ದನಿ ಒಂಚೂರು ಕಡಿಮೆ ಮಾಡಿ ಕುಳಿತರು.

ಮಾವ ರಿಂಗಿನಲ್ಲಿದ್ದರು. ಕಾಲಿಗೆ ಪ್ಲಾಸ್ಟರ್. ಅದು ಶುಕ್ರವಾರ ಬೀಳುವ ಮೊದಲಿನದು, ನಾಟಕದ ಪ್ಲಾಸ್ಟರ್. ಮೇಲೆ ದೊಡ್ಡ ಪರದೆಯಲ್ಲಿ ನಮ್ಮ ಊಟದ ಮೇಜು, ನಮ್ಮ ಸಕ್ಕರೆ ಡಬ್ಬ, ಬೀನ್ಸ್ ಬುಟ್ಟಿ ಹಿಡಿದು ನಿಂತ ಅತ್ತೆ. "ತೆವಳ್ಕೊಂಡು ಅಂದ್ರಿ" ಎನ್ನುವ ಅತ್ತೆಯ ದನಿಯ ಕೆಳಗೆ ಪಿಟೀಲು ಕುಯ್‌ಗುಡುತ್ತಿತ್ತು. ಜನ "ಓ" ಎಂದರು. ಆಮೇಲೆ ದೀಪಗಳೆಲ್ಲ ಆರಿ, ಒಂದೇ ಬೆಳಕಿನ ಕೆಳಗೆ, ಒಬ್ಬ ಮುದುಕಿ ನಡೆದು ಬಂದಳು.

ಅತ್ತೆಯ ವಯಸ್ಸು. ಅತ್ತೆಯ ಎತ್ತರ. ಹೆಗಲ ಮೇಲೆ ನಾನು ಹೊಲಿದ ನೀಲಿ ಶಾಲು.

ಅವಳು ಹಳದಿಯಾದ ಒಂದು ಕಾಗದ ಬಿಚ್ಚಿ ನಡುಗುತ್ತ ಓದಿದಳು. ಹಾಳಾದವಳು ಚೆನ್ನಾಗಿಯೇ ಓದಿದಳು. ಮಾವ ಮಂಡಿಯೂರಲಾಗದೆ ಹಗ್ಗ ಹಿಡಿದು ಬಾಗಿ, ಮೈಕಿನಲ್ಲಿ, "ತಪ್ಪು ಮಾಡ್ದೆ ಕಣೇ. ನಿನ್ನ ತಾಯಿ ಮುಖ ನಿನಗೆ ಇಲ್ಲದ ಹಾಗೆ ಮಾಡ್ದೆ. ಕ್ಷಮಿಸು," ಎಂದರು. ಕಣ್ಣಲ್ಲಿ ಧಾರಾಕಾರ ನೀರು. ಆ ಹೆಂಗಸು ಅವರ ಕೆನ್ನೆ ಒರೆಸಿ, "ಕ್ಷಮಿಸಿದ್ದೀನಿ," ಎಂದು ತಬ್ಬಿಕೊಂಡಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾವನ ಮುಖದ ಮೇಲೆ ಆಗ ಬಂದ ಕಳೆಯನ್ನು ನಾನು ಎಂದೂ ಮರೆಯಲಾರೆ. ಹಸಿದವನು ಅನ್ನ ಕಂಡಂತೆ ಚಪ್ಪಾಳೆಯ ಕಡೆ ನೋಡುತ್ತಿದ್ದರು.

ಮುಂದಿನದು ಬೇಗ ಮುಗಿಯಿತು. ಕಟುಕನಿಗಿಲ್ಲದ ಮೊಮ್ಮಗಳು ನುಗ್ಗಿದಳು. ನಮ್ಮ ಚೂರಿ ಅವಳನ್ನು ಎತ್ತಿ ಒಗೆದಳು. ಕೊನೆಯಲ್ಲಿ ಮಾವ ರಿಂಗಿನಿಂದ ಇಳಿಯುವಾಗ ಸುಳ್ಳು ಪ್ಲಾಸ್ಟರಿನ ಕಾಲು ಕಬ್ಬಿಣದ ಮೆಟ್ಟಿಲಿಗೆ ಸಿಕ್ಕಿ ಧೊಪ್ಪೆಂದು ಬಿದ್ದರು. ಜನ ಹೋ ಎಂದು ನಕ್ಕರು. ಇದೂ ಆಟವೆಂದೇ ತಿಳಿದರು. ಮಾವ ಬಾಯಿ ತೆರೆದು ಅರಚುತ್ತಿದ್ದರು, ಜನ ಇನ್ನೊಮ್ಮೆ ಇನ್ನೊಮ್ಮೆ ಎಂದು ಕೂಗುತ್ತಿದ್ದರು. ಕಂಪನಿಯವರು ಅದನ್ನು ನಿಧಾನವಾಗಿ ಮೂರು ಸಲ ತೋರಿಸಿದರು.

ಅಂದು ಸುಳ್ಳಿಗೆ ಅತ್ತ ಜನ, ಇಂದು ನಿಜಕ್ಕೆ ನಕ್ಕ ಜನ. ಇವರ ಹಳೆಯ ಕಾಲಕ್ಕೂ ಬೆಂಕಿ ಹಾಕ, ಹೊಸ ಕಾಲಕ್ಕೂ ಬೆಂಕಿ ಹಾಕ ಎಂದುಕೊಂಡೆ. ಮರುಕ್ಷಣವೇ ಆ ಶಾಲು ಹೊಲಿದ ನನ್ನ ಕೈಗಳ ಮೇಲೂ ಹೇಸಿಗೆಯಾಯಿತು.

ಅತ್ತೆ ಟೀವಿ ಆರಿಸಿದರು. ಮಗಳ ಕಡೆ ತಿರುಗಿದರು. "ಯಾರು ಆಯಮ್ಮ?"

"ಬಾಡಿಗೆಗೆ ಬಂದಿದ್ರು ಅಜ್ಜಿ. ನಾಟಕದೋರು." ಮಗಳು ನೆಲ ನೋಡುತ್ತಿದ್ದಳು. "ನನ್ನ ಕೆಲಸ ಹೋಗ್ತಿತ್ತು. ತಾತಾನೇ ಒಪ್ಕೊಂಡ್ರು. ನನ್ನ ಸಲುವಾಗಿ."

"ನೀನು ಯಾರ ಸಲುವಾಗಿ ಸುಮ್ಮನಿದ್ದೆ?"

ಅತ್ತೆ ಕೋಣೆಗೆ ಹೋದರು. ನಾವು ಮೂವರೂ ಹಿಂದೆ ಹೋದೆವು. ಮಾವ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರು.

"ನಿನ್ನೆಯಿಂದ ನಾನು ಬೋಗುಣಿ ಎತ್ತುತಾ ಇದೀನಿ," ಎಂದರು ಅತ್ತೆ. "ಹೇಳ್ಬಹುದಿತ್ತು."

"ಮಗು ಅನ್ನ ಹೋಗ್ತಿತ್ತು. ನೀನು ಬರಲ್ಲ ಅಂದೆ. ಅದಕ್ಕೆ…" ಮಾವ ಇತ್ತ ತಿರುಗಿದರು. "ಆದ್ರೆ ನಾನು ಕ್ಷಮೆ ಕೇಳ್ದೆ ಕಣೇ. ಅಷ್ಟು ಜನರ ಮುಂದೆ ಕೇಳ್ದೆ. ನೋಡಿದ್ಯಲ್ಲ? ನಿಜವಾಗ್ಲೂ ಅತ್ತುಬಿಟ್ಟೆ ನಾನು."

"ನೋಡ್ದೆ. ಆ ಮಾತು ಯಾರು ಬರೆದುಕೊಟ್ಟಿದ್ದು?"

ಮಾವ ಹೊದಿಕೆಯ ಅಂಚು ಎಳೆದುಕೊಂಡರು.

"ಆಯಮ್ಮ ಕ್ಷಮಿಸಿದಾಳೆ. ಅವಳ ಕೈಲೇ ಇಸ್ಕೊಳ್ಳಿ. ನನ್ನ ಹತ್ರ ನೀವು ಏನೂ ಕೇಳಿಲ್ಲ, ನಾನು ಏನೂ ಕೊಟ್ಟಿಲ್ಲ."

"ಈಗ ಕೇಳ್ತೀನಿ."

"ನನಗೆ ಗೊತ್ತಾಗಲ್ಲ ರೀ," ಎಂದರು ಅತ್ತೆ. "ನೀವು ಕೇಳಿದ್ರೂ ಅದು ನಿಜಾನೋ ಅಲ್ವೋ ನನಗೆ ಗೊತ್ತಾಗಲ್ಲ. ಅಷ್ಟು ಚೆನ್ನಾಗಿ ಕಲ್ತಿದೀರ."

ಅವರು ಪೆಟ್ಟಿಗೆ ತೆರೆದು ಬಟ್ಟೆಯ ಸುತ್ತು ಬಿಚ್ಚಿದರು. ಹಳೆಯ ಎಕ್ಸ್‌ರೇಯನ್ನು ತೆಗೆದು, ಗೋಡೆಗೆ ಒರಗಿಸಿದ್ದ ಹೊಸದನ್ನೂ ತಂದು, ಎರಡನ್ನೂ ಅಕ್ಕಪಕ್ಕ ಮಾವನ ಹಾಸಿಗೆಯ ಮೇಲಿಟ್ಟರು. "ಇದು ಯಾರ ಕಾಲೋ, ಪಾಪ. ಅವರ ಮನೇಲೂ ಯಾರೋ ಅತ್ತಿರಬೇಕು. ಈ ಕಾಲಿಗೆ ಸಾಯೋ ಅಷ್ಟು ಅತ್ತಿದೀನಿ. ಇನ್ನೊಂದಕ್ಕೆ ನನ್ನ ಹತ್ರ ಕಣ್ಣೀರಿಲ್ಲ." ಆಮೇಲೆ ಅದೇ ಬಟ್ಟೆಯಲ್ಲಿ ತಮ್ಮ ಎರಡು ಜೊತೆ ಉಡುಪನ್ನು ಸುತ್ತಿದರು.

"ಎಲ್ಲಿಗೆ ಅಮ್ಮ?" ಎಂದರು ನನ್ನ ಗಂಡ.

"ನನ್ನ ತಂಗಿ ಮನೆಗೆ. ನಮ್ಮಮ್ಮನ್ನ ಮಣ್ಣು ಮಾಡಿರೋ ಜಾಗ ಅವಳ ಮನೆ ಹಿಂದೇನೇ ಇದೆ. ಆರು ವಾರ ಇದ್ದು ಬರ್ತೀನಿ."

ಮಾವ ಅಳತೊಡಗಿದರು. ಟೀವಿಯಲ್ಲಿ ಅತ್ತಂತೆ ಅಲ್ಲ. ಮೂಗು ಸೋರುತ್ತ, ಬಾಯಿ ಸೊಟ್ಟಗಾಗಿ, ನೋಡಲಾಗದಂತೆ ಅತ್ತರು. ಮಗಳ ಕೈ ತಾನಾಗಿಯೇ ಜೇಬಿನ ಫೋನಿನ ಕಡೆ ಹೋದದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು. ಕೈಯನ್ನು ಹೊರತೆಗೆದು, ಏನು ಮಾಡಬೇಕೆಂದು ತಿಳಿಯದೆ, ಬೆನ್ನ ಹಿಂದೆ ಕಟ್ಟಿಕೊಂಡಳು.

"ನನ್ನನ್ನ ಹೀಗೆ ಬಿಟ್ಟು ಹೋಗ್ತೀಯೇನೇ?" ಎಂದರು ಮಾವ.

ಅತ್ತೆ ತಮ್ಮ ಹಳೆಯ ನೀಲಿ ಶಾಲನ್ನು ಮೊಳೆಯಿಂದ ತೆಗೆದರು. ಒಂದು ಗಳಿಗೆ ಕೈಯಲ್ಲಿ ಹಿಡಿದು ನೋಡಿ, ಮತ್ತೆ ಅಲ್ಲಿಯೇ ನೇತುಹಾಕಿದರು.

"ನೀನು ಹೋಗು, ನಾನು ಹೇಗೋ ತೆವಳ್ಕೊಂಡು ಇರ್ತೀನಿ ಅಂದಿದ್ರಿ," ಎಂದರು. "ಸ್ವಲ್ಪ ತಡ ಆಯ್ತು. ಈಗ ಹೋಗ್ತಿದೀನಿ. ತೆವಳ್ಕೊಂಡಿರಿ."

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ನಿಲ್ದಾಣದಲ್ಲೇ ಕಾಯುತ್ತೇನೆ ಎಂದು ಅತ್ತೆ ಚಪ್ಪಲಿ ಮೆಟ್ಟಿಕೊಂಡರು.